ಪಾರ್ಶ್ವವಾಯುವಿನ ತಡೆ ಮತ್ತು ನಮ್ಮ ಶಾಲೆಯ ಹೊಣೆ

ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ಹೊರತರುತ್ತಿರುವ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿಕೊಂಡಾಗ, ಶಾಲಾ ದಿನಗಳ ನೆನಪುಗಳನ್ನು ಬರೆಯುವುದೇ ಸಹಜವೆಂದು ತೋರಿತ್ತು. ಆದರೆ ಆ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ಈ ಶಾಲೆಯ ಬೆಂಚಿನಲ್ಲಿ ಕುಳಿತು ಅಕ್ಷರ ಕಲಿತು, ಬಳಿಕ ವೈದ್ಯವೃತ್ತಿಯಲ್ಲಿ ಮೂರು ದಶಕಗಳಿಗೂ ಮಿಕ್ಕಿ ಕಳೆದ ನಾನು, ನಮ್ಮ ಕಾಸರಗೋಡಿನ ಮನೆಮನೆಗಳನ್ನು ಕಾಡುತ್ತಿರುವ ಒಂದು ವ್ಯಾಧಿಯ ಕುರಿತು ನನ್ನ ಅಭಿಪ್ರಾಯವನ್ನು ಮಂಡಿಸುವುದೇ ಉಚಿತವೆಂದು ಭಾವಿಸಿದ್ದೇನೆ. ಮಹೋತ್ಸವದ ನಿಧಿಯಿಂದ ಶಾಲೆಯ ಮುಂದೆ ಮಹಾದ್ವಾರವೊಂದನ್ನು ಕಟ್ಟಬೇಕೆಂಬ ಮಾತು ನಡೆಯುತ್ತಿದೆ. ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಇನ್ನೊಂದಿದೆ ಎಂಬುದು ನನ್ನ ನಿವೇದನೆ.

ಪಾರ್ಶ್ವವಾಯು, ಪಕ್ಷವಾತ, ಲಕ್ವ ಎಂದು ಹಲವು ಹೆಸರುಗಳಿಂದ ನಾವು ಕರೆಯುವ ಈ ಕಾಯಿಲೆಗೆ ಹೆಸರೇ ಒಂದು ತೊಡಕಾಗಿ ಪರಿಣಮಿಸಿದೆ. ‘ವಾಯು’ ಎಂದೊಡನೆ ಮೈಗೆ ಗಾಳಿ ಬಡಿಯಿತೆಂದು ತಿಳಿದು, ಬಿದ್ದುಹೋದ ಕೈಕಾಲುಗಳಿಗೆ ತೈಲ ಹಚ್ಚಿ ಬಿಸಿನೀರು ಎರೆಯುತ್ತ ಮೊದಲ ದಿನವನ್ನೇ ಕಳೆದುಬಿಡುವವರನ್ನು ನಾನು ಈಗಲೂ ಕಾಣುತ್ತಿದ್ದೇನೆ. ದೋಷವಿರುವುದು ಕೈಕಾಲಿನಲ್ಲಲ್ಲ, ಮಿದುಳಿನ ರಕ್ತನಾಳದಲ್ಲಿ. ಒಂದೋ ಆ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಹರಿವು ನಿಂತುಹೋಗುತ್ತದೆ. ಇಲ್ಲವೇ ನಾಳ ಒಡೆದು ಮಿದುಳಿನೊಳಗೆ ರಕ್ತಸ್ರಾವವಾಗುತ್ತದೆ. ಹೆಚ್ಚಿನವು ಮೊದಲನೆಯ ಬಗೆಯವು. ಆದರೆ ರೋಗಿಯ ಮುಖ ನೋಡಿ ಇದು ಇಂಥದೇ ಎಂದು ಹೇಳುವುದು ಎಷ್ಟೇ ಅನುಭವವುಳ್ಳ ವೈದ್ಯನಿಗೂ ಸಾಧ್ಯವಿಲ್ಲ, ಸಿ.ಟಿ. ಸ್ಕ್ಯಾನ್ ಆಗಲೇಬೇಕು. ಹೃದಯಾಘಾತಕ್ಕೆ ಕೊಡುತ್ತಾರಲ್ಲವೇ ಎಂದು ಮನೆಯಲ್ಲಿಯೇ ಆಸ್ಪಿರಿನ್ ಮಾತ್ರೆ ನುಂಗಿಸುವ ಅಭ್ಯಾಸ ಇತ್ತೀಚೆಗೆ ಕಾಣುತ್ತಿದೆ. ರಕ್ತಸ್ರಾವದ ಬಗೆಯಾಗಿದ್ದರೆ ಅದರಿಂದ ಅಪಾಯವೇ ಹೆಚ್ಚು.

ಈ ಕಾಯಿಲೆಯ ಕಾರಣಗಳ ಬಗೆಗೆ ವಿಜ್ಞಾನ ತಿಳಿದುಕೊಂಡ ಕಥೆ ಸ್ವಾರಸ್ಯಕರವಾದುದು. ವಯಸ್ಸಾದಂತೆ ರಕ್ತದೊತ್ತಡ ಏರುವುದು ಪ್ರಕೃತಿಧರ್ಮ, ಗಟ್ಟಿಯಾದ ನಾಳಗಳಲ್ಲಿ ರಕ್ತ ಮುಂದಕ್ಕೆ ಹೋಗಲು ಅಷ್ಟು ಒತ್ತಡ ಬೇಕೇ ಬೇಕು ಎಂದು ಕಳೆದ ಶತಮಾನದ ಮಧ್ಯಭಾಗದವರೆಗೂ ದೊಡ್ಡ ದೊಡ್ಡ ವೈದ್ಯರೇ ನಂಬಿದ್ದರು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಎಂಬ ಪಟ್ಟಣದಲ್ಲಿ 1948ರಲ್ಲಿ ಒಂದು ಅಧ್ಯಯನ ಆರಂಭವಾಯಿತು. ಅಲ್ಲಿಯ 5209 ಮಂದಿ ಸ್ತ್ರೀಪುರುಷರನ್ನು ಎರಡೆರಡು ವರ್ಷಗಳಿಗೊಮ್ಮೆ ಪರೀಕ್ಷಿಸುತ್ತ ಹೋದರು. ಯಾರಿಗೆ ಯಾವ ಕಾಯಿಲೆ ಬಂತು, ಅದಕ್ಕೆ ಮುನ್ನ ಅವರ ಒತ್ತಡವೆಷ್ಟಿತ್ತು, ಧೂಮಪಾನವಿತ್ತೇ ಎಂದು ಬರೆದಿಟ್ಟರು. ಪಾರ್ಶ್ವವಾಯುವಿಗೆ ಎಲ್ಲಕ್ಕಿಂತ ಮಿಗಿಲಾದ ಕಾರಣ ಏರಿದ ರಕ್ತದೊತ್ತಡವೆಂಬುದು 1970ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಿಂದ ಸ್ಪಷ್ಟವಾಯಿತು. ಮುದುಕರ ಒತ್ತಡವನ್ನು ಇಳಿಸುವುದು ಸರಿಯೇ ಎಂಬ ಸಂದೇಹ ಮಾತ್ರ ಇನ್ನೂ ಉಳಿದಿತ್ತು. ಅದನ್ನು 1991ರಲ್ಲಿ ಇನ್ನೊಂದು ಪ್ರಯೋಗ ಪರಿಹರಿಸಿತು. ಅರುವತ್ತು ದಾಟಿದ 4736 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಕ್ಲೋರ್‌ಥಲಿಡೋನ್ ಎಂಬ ಅಗ್ಗದ ಮಾತ್ರೆಯಿಂದ ಚಿಕಿತ್ಸೆ ಆರಂಭಿಸಿ, ಉಳಿದವರಿಗೆ ಔಷಧವಿಲ್ಲದ ಹುಸಿಮಾತ್ರೆ ಕೊಟ್ಟು ನೋಡಲಾಗಿ, ಔಷಧ ಪಡೆದವರಲ್ಲಿ ಪಾರ್ಶ್ವವಾಯು ಶೇಕಡಾ 36ರಷ್ಟು ಕಡಿಮೆಯಾಗಿತ್ತು.

ಇದು ಪಾಶ್ಚಾತ್ಯರ ವಿಚಾರ, ನಮ್ಮ ಜನರ ದೇಹಪ್ರಕೃತಿಯೇ ಬೇರೆ ಎಂದು ವಾದಿಸುವವರಿದ್ದಾರೆ. ಅವರಿಗೆ ಉತ್ತರವಾಗಿ ‘ಇಂಟರ್‌ಸ್ಟ್ರೋಕ್’ ಅಧ್ಯಯನವಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರೂ ಭಾಗಿಗಳಾಗಿದ್ದ ಈ ಅಧ್ಯಯನ 2010ರಲ್ಲಿ 22 ದೇಶಗಳ, 2016ರಲ್ಲಿ 32 ದೇಶಗಳ ರೋಗಿಗಳನ್ನೊಳಗೊಂಡು ಪ್ರಕಟವಾಯಿತು. ರಕ್ತದೊತ್ತಡ, ತಂಬಾಕು, ಮಧುಮೇಹ, ಮೈಗೆ ಕೆಲಸವಿಲ್ಲದಿರುವುದು, ಆಹಾರದ ದೋಷ, ಹೊಟ್ಟೆಯ ಬೊಜ್ಜು, ರಕ್ತದ ಕೊಬ್ಬು, ಮದ್ಯ, ಹೃದಯದ ಕಾಯಿಲೆ, ಮಾನಸಿಕ ಒತ್ತಡ ಎಂಬ ಹತ್ತು ಕಾರಣಗಳು ಸೇರಿ ಜಗತ್ತಿನ ಪಾರ್ಶ್ವವಾಯುವಿನ ಸುಮಾರು ಶೇಕಡಾ 90 ಭಾಗಕ್ಕೆ ಹೊಣೆಯೆಂದು ಕಂಡುಬಂತು. ಅದರಲ್ಲಿಯೂ ರಕ್ತದೊತ್ತಡವೊಂದರ ಪಾಲೇ ಸುಮಾರು ಅರ್ಧದಷ್ಟು. ವಿಧಿಯೆಂದು ನಾವು ಹಣೆ ಚಚ್ಚಿಕೊಳ್ಳುವ ಕಾಯಿಲೆಯೊಂದರ ಬಹುಪಾಲು ತೋಳಿಗೆ ಪಟ್ಟಿ ಸುತ್ತಿ ಅಳೆಯಬಹುದಾದ, ಮಾತ್ರೆಯಿಂದ ಇಳಿಸಬಹುದಾದ ಕಾರಣಗಳಿಂದ ಬರುವುದೆಂದಾಯಿತು.

ಕಾಯಿಲೆ ಬಂದ ಮೇಲೆ ಚಿಕಿತ್ಸೆಯೇ ಇಲ್ಲವೇ? ಇದೆ. 1995ರಲ್ಲಿ ಅಮೆರಿಕದಲ್ಲಿ 624 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಲಕ್ಷಣ ಕಂಡ ಮೂರು ಗಂಟೆಯೊಳಗೆ ಹೆಪ್ಪು ಕರಗಿಸುವ ಔಷಧವನ್ನು ಕೊಟ್ಟರೆ ಮೂರು ತಿಂಗಳ ಬಳಿಕ ವೈಕಲ್ಯವಿಲ್ಲದೆ ಅಥವಾ ಅತ್ಯಲ್ಪ ವೈಕಲ್ಯದೊಂದಿಗೆ ಉಳಿಯುವ ಸಾಧ್ಯತೆ ಕನಿಷ್ಠ ಶೇಕಡಾ 30ರಷ್ಟು ಹೆಚ್ಚೆಂದು ತಿಳಿಯಿತು. ಔಷಧಕ್ಕೆ ಅದರದೇ ಅಪಾಯವೂ ಇತ್ತು: ಪಡೆದವರಲ್ಲಿ ಶೇಕಡಾ 6.4 ಮಂದಿಗೆ ಮಿದುಳಿನಲ್ಲಿ ರಕ್ತಸ್ರಾವವಾಯಿತು, ಪಡೆಯದವರಲ್ಲಿ ಶೇಕಡಾ 0.6 ಮಾತ್ರ. 2008ರಲ್ಲಿ ಈ ಅವಧಿ ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ತೊಡೆಸಂದಿಯ ರಕ್ತನಾಳದಿಂದ ಸಪೂರ ನಳಿಕೆಯನ್ನು ಮಿದುಳಿನವರೆಗೆ ತೂರಿಸಿ ಹೆಪ್ಪನ್ನೇ ಎಳೆದು ತೆಗೆಯುವ ವಿಧಾನದ ಪ್ರಯೋಜನ 2015ರಲ್ಲಿ ದೃಢಪಟ್ಟಿತು. ಆದರೂ ಗಡಿಯಾರ ನಿಲ್ಲುವುದಿಲ್ಲ. ದೊಡ್ಡ ನಾಳವೊಂದು ಮುಚ್ಚಿದಾಗ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು 2006ರಲ್ಲಿ ಒಬ್ಬ ತಜ್ಞರು ಲೆಕ್ಕ ಹಾಕಿದ್ದಾರೆ.

ಈ ಗಡಿಯಾರವನ್ನು ನಮ್ಮ ಊರಿನ ದಾರಿಗಳ ಮೇಲಿಟ್ಟು ನೋಡೋಣ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ರಾಜಧಾನಿ ತಿರುವನಂತಪುರಕ್ಕೆ ಐನೂರಕ್ಕೂ ಮಿಕ್ಕಿ. ಆದುದರಿಂದ ಜೀವಕ್ಕೆ ಕುತ್ತು ಬಂದಾಗ ನಮ್ಮವರು ತಲಪಾಡಿ ದಾಟಿ ಮಂಗಳೂರಿಗೆ ಹೋಗುವುದು ತಲೆತಲಾಂತರದ ರೂಢಿ. 2020ರ ಮಾರ್ಚ್ ತಿಂಗಳ ಕೊನೆಯಲ್ಲಿ ಕೊರೋನಾ ಕಾರಣದಿಂದ ಕರ್ನಾಟಕವು ಗಡಿಯನ್ನು ಮುಚ್ಚಿ, ಕೆಲವು ರಸ್ತೆಗಳಿಗೆ ಮಣ್ಣನ್ನೂ ಸುರಿದಾಗ, ಚಿಕಿತ್ಸೆಗಾಗಿ ದಾಟಲಾಗದೆ ಹಲವರು ತೀರಿಕೊಂಡರೆಂಬ ಸುದ್ದಿಗಳನ್ನು ನಾವೆಲ್ಲ ಓದಿದೆವು. ವಿಷಯ ಕೇರಳದ ಉಚ್ಚ ನ್ಯಾಯಾಲಯಕ್ಕೂ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಗಬೇಕಾಯಿತು. ಅದು ಮುಗಿದ ಕಥೆಯೇನೋ ಸರಿ. ಆದರೆ ಮಂಗಳೂರಿದೆಯಲ್ಲ ಎಂಬ ಧೈರ್ಯವನ್ನೇ ಆರೋಗ್ಯವೆಂದು ತಿಳಿದುಕೊಂಡವರಿಗೆ ಅದಕ್ಕಿಂತ ಕಟುವಾದ ಪಾಠ ಬೇರೆ ಬೇಡ. ಕೇರಳ ಸರಕಾರವು ‘ಶಿರಸ್’ ಎಂಬ ಯೋಜನೆಯಲ್ಲಿ ಹಲವು ಜಿಲ್ಲಾಮಟ್ಟದ ಆಸ್ಪತ್ರೆಗಳಲ್ಲಿ ಪಾರ್ಶ್ವವಾಯು ಚಿಕಿತ್ಸೆಯ ಘಟಕಗಳನ್ನು ತೆರೆದಿರುವುದು ಸ್ತುತ್ಯರ್ಹ. ಹಾಗಿದ್ದರೂ ತೋಟದ ಮನೆಯಿಂದ ಡಾಮರು ರಸ್ತೆಗೆ ಬರಲು ಬೇಕಾಗುವ ಹೊತ್ತನ್ನು ಯಾವ ಘಟಕವೂ ಉಳಿಸಿಕೊಡಲಾರದು.

ಹಳ್ಳಿಯವರು ಈ ವಿಷಯದಲ್ಲಿ ಎಷ್ಟು ನಷ್ಟ ಅನುಭವಿಸುತ್ತಾರೆಂಬುದಕ್ಕೆ ನಮ್ಮ ರಾಜ್ಯದಿಂದಲೇ ಆಧಾರವಿದೆ. ತಿರುವನಂತಪುರದ ನಗರದಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ 2005ರಲ್ಲಿ ಆರು ತಿಂಗಳ ಕಾಲ ಪಾರ್ಶ್ವವಾಯುವಿನ ಪ್ರತಿಯೊಂದು ಪ್ರಕರಣವನ್ನೂ ದಾಖಲಿಸಿ, 2009ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಕಾಯಿಲೆ ಬರುವ ಪ್ರಮಾಣದಲ್ಲಿ ನಗರಕ್ಕೂ ಹಳ್ಳಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ: ಲಕ್ಷಕ್ಕೆ ಒಂದರಲ್ಲಿ 135, ಇನ್ನೊಂದರಲ್ಲಿ 138. ಆದರೆ 28 ದಿನಗಳೊಳಗೆ ಮೃತರಾದವರು ನಗರದಲ್ಲಿ ಶೇಕಡಾ 24.5, ಹಳ್ಳಿಯಲ್ಲಿ ಶೇಕಡಾ 37.1. ವೈದ್ಯಕೀಯ ಮಹಾವಿದ್ಯಾಲಯಗಳಿರುವ ರಾಜಧಾನಿಯ ಆಸುಪಾಸಿನ ಹಳ್ಳಿಗಳ ಗತಿಯೇ ಇದಾಗಿತ್ತೆಂಬುದನ್ನು ಓದುಗರು ಗಮನಿಸಬೇಕು.

ಹೊತ್ತು ಉಳಿಸಬೇಕಾದರೆ ಮನೆಯವರಿಗೆ ಲಕ್ಷಣ ತಿಳಿದಿರಬೇಕು. ಇಂಗ್ಲಿಷಿನಲ್ಲಿ ಇದಕ್ಕೊಂದು ನಾಲ್ಕಕ್ಷರದ ಸೂತ್ರ ಮಾಡಿದ್ದಾರೆ. ನಮ್ಮ ಕಡೆಯ ಆಸ್ಪತ್ರೆಗಳ ಗೋಡೆಯಲ್ಲಿ ಅದು ಇಂಗ್ಲಿಷಿನಲ್ಲಿಯೋ ಮಲಯಾಳದಲ್ಲಿಯೋ ಇರುತ್ತದೆ. ಕನ್ನಡ ಮಾತ್ರ ಓದಬಲ್ಲ ನಮ್ಮ ಹಿರಿಯರಿಗೆ ಅದು ಗೋಡೆಯ ಚಿತ್ತಾರವಷ್ಟೇ. ನಾನು ರೋಗಿಗಳಿಗೆ ಹೇಳಿಕೊಡುವುದು ನಾಲ್ಕೇ ಮಾತು: ಮುಖ, ಕೈ, ಮಾತು, ಹೊತ್ತು. ನಗು ಎಂದಾಗ ಮುಖ ಒಂದು ಬದಿಗೆ ಸೊಟ್ಟಗಾಗುತ್ತದೆಯೇ, ಎರಡೂ ಕೈ ಎತ್ತಿ ಹಿಡಿಯಲು ಹೇಳಿದಾಗ ಒಂದು ಜೋತುಬೀಳುತ್ತದೆಯೇ, ಮಾತು ತೊದಲುತ್ತದೆಯೇ ಅಥವಾ ಅಸಂಬದ್ಧವಾಗುತ್ತದೆಯೇ. ಒಂದಿದ್ದರೂ ಸರಿ, ಆಗಿನ ಹೊತ್ತು ಎಷ್ಟೆಂದು ನೋಡಿಕೊಂಡು ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಹೊರಡಬೇಕು. ಕೆಲವೊಮ್ಮೆ ಈ ಲಕ್ಷಣಗಳು ಹತ್ತು ನಿಮಿಷದಲ್ಲಿ ತಾವಾಗಿಯೇ ಮಾಯವಾಗುತ್ತವೆ. ‘ಪಿತ್ತ ನೆತ್ತಿಗೇರಿತ್ತು, ಈಗ ಸರಿಯಾಯಿತು’ ಎಂದು ಸುಮ್ಮನಾಗುವವರೇ ಹೆಚ್ಚು. ಅಂಥವರನ್ನು ತಡಮಾಡದೆ ಪರೀಕ್ಷಿಸಿ ಅಂದೇ ಔಷಧ ಆರಂಭಿಸಿದ್ದರಿಂದ, ಮೂರು ತಿಂಗಳೊಳಗೆ ಪೂರ್ಣ ಪಾರ್ಶ್ವವಾಯು ಬರುವ ಪ್ರಮಾಣ ಶೇಕಡಾ 10.3ರಿಂದ 2.1ಕ್ಕೆ ಇಳಿದುದನ್ನು ಆಕ್ಸ್‌ಫರ್ಡಿನ ಸಂಶೋಧಕರು 2007ರಲ್ಲಿ ತೋರಿಸಿಕೊಟ್ಟರು. ಒಂದು ಗಳಿಗೆಯ ಆ ಮಾಯದ ಲಕ್ಷಣವೇ ನಮಗೆ ಸಿಗುವ ಅತ್ಯಂತ ದೊಡ್ಡ ಎಚ್ಚರಿಕೆ.

ಇಲ್ಲಿ ಭಾಷೆಯ ವಿಷಯವನ್ನು ಕೊಂಚ ವಿಸ್ತಾರವಾಗಿ ಹೇಳಬೇಕಾಗಿದೆ. ಕನ್ನಡ ಶಾಲೆಯ ಸಂಚಿಕೆಯಲ್ಲಿ ಅದು ಅಪ್ರಸ್ತುತವೆನಿಸಲಾರದು. ಮಿದುಳಿನ ಎಡಭಾಗಕ್ಕೆ ಪೆಟ್ಟಾದವರಲ್ಲಿ ಅನೇಕರು ಮಾತು ಕಳೆದುಕೊಳ್ಳುತ್ತಾರೆ. ನಮ್ಮಲ್ಲಿ ಮನೆಯ ಮಾತು ತುಳುವೋ ಹವ್ಯಕವೋ ಕೊಂಕಣಿಯೋ ಮರಾಠಿಯೋ ಆಗಿದ್ದು, ಶಾಲೆಯದು ಕನ್ನಡ, ಪೇಟೆಯದೂ ಕಚೇರಿಯದೂ ಮಲಯಾಳವಾಗಿರುವವರೇ ಹೆಚ್ಚು. ಅಂಥವರಿಗೆ ಯಾವ ಮಾತು ಮೊದಲು ಮರಳುತ್ತದೆ? ಮೊದಲು ಕಲಿತದ್ದೆಂದು ಫ್ರಾನ್ಸಿನ ರಿಬೋ ಹೇಳಿದರು. ಹೆಚ್ಚು ಬಳಕೆಯಲ್ಲಿದ್ದುದೆಂದು 1895ರಲ್ಲಿ ಅದೇ ದೇಶದ ಪಿತ್ರ್ ಹೇಳಿದರು. ಬಹುಮಂದಿಯಲ್ಲಿ ಎಲ್ಲ ಭಾಷೆಗಳೂ ಹೆಚ್ಚುಕಡಿಮೆ ಜತೆಯಾಗಿಯೇ ಮರಳುತ್ತವೆ, ಆದರೆ ಎಲ್ಲರಲ್ಲಿಯೂ ಅಲ್ಲವೆಂಬುದು ಈಗಿನ ತಿಳಿವಳಿಕೆ. ಹಾಗಾದರೆ ಮಲಯಾಳದಲ್ಲಿ ಮಾತ್ರ ಪ್ರಶ್ನೆ ಕೇಳಿ, ಉತ್ತರ ಬರಲಿಲ್ಲವೆಂದು ‘ಮಾತು ಹೋಗಿದೆ’ ಎಂದು ಬರೆಯುವುದು ನ್ಯಾಯವೇ? ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯವರು ಇಂಥ ರೋಗಿಗಳಿಗಾಗಿ ಕನ್ನಡದಲ್ಲಿಯೇ ಪರೀಕ್ಷೆ, ತರಬೇತಿಗಳನ್ನು ರೂಪಿಸಿದ್ದಾರೆ. ರೋಗಿಯ ಜತೆಗೆ ಹೋಗುವವರು ಮನೆಯ ಮಾತು ಯಾವುದೆಂದು ವೈದ್ಯರಿಗೆ ಮೊದಲೇ ತಿಳಿಸಬೇಕು. ಇದು ಅಭಿಮಾನದ ಪ್ರಶ್ನೆಯಲ್ಲ, ರೋಗನಿರ್ಣಯದ ಪ್ರಶ್ನೆ.

ನಮ್ಮ ಬಹುಭಾಷಾಸಂಪತ್ತಿಗೆ ಸಂಬಂಧಿಸಿ ಸಂತಸದ ಒಂದು ಸಂಶೋಧನೆಯೂ ಇದೆ. ಹೈದರಾಬಾದಿನ ನಿಜಾಮ್ಸ್ ಸಂಸ್ಥೆಯಲ್ಲಿ ದಾಖಲಾದ 608 ಪಾರ್ಶ್ವವಾಯು ರೋಗಿಗಳನ್ನು ಕುರಿತು ಸುವರ್ಣ ಅಲ್ಲಾಡಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನವದು. ಪಾರ್ಶ್ವವಾಯುವಿನ ಬಳಿಕವೂ ಜ್ಞಾಪಕ, ಗಮನ ಮುಂತಾದ ಬುದ್ಧಿಶಕ್ತಿಗಳು ಸಹಜವಾಗಿ ಉಳಿದವರು ಒಂದೇ ಭಾಷೆಯವರಲ್ಲಿ ಶೇಕಡಾ 19.6, ಎರಡು ಅಥವಾ ಹೆಚ್ಚು ಭಾಷೆಯವರಲ್ಲಿ ಶೇಕಡಾ 40.5. ಇದನ್ನು ಕೇಳಿ ನಮ್ಮವರು ಬೀಗಬೇಕಾಗಿಲ್ಲ. ಹಲವು ಭಾಷೆ ಬಲ್ಲವರಿಗೆ ಪಾರ್ಶ್ವವಾಯು ಬರುವುದಿಲ್ಲವೆಂದು ಅದು ಹೇಳಿಲ್ಲ; ಮಾತು ಹೋಗುವ ಪ್ರಮಾಣದಲ್ಲಿಯೂ ವ್ಯತ್ಯಾಸ ಕಾಣಲಿಲ್ಲ. ಅದು ಒಂದು ನಗರದ ಒಂದು ಆಸ್ಪತ್ರೆಯ ಲೆಕ್ಕ. ಹಾಗಿದ್ದರೂ ಮಕ್ಕಳಿಗೆ ಭಾಷೆಗಳ ಹೊರೆಯಾಗುತ್ತದೆಂದು ಕನ್ನಡ ಶಾಲೆಯಿಂದ ಬಿಡಿಸುವ ತಂದೆತಾಯಿಗಳು ಇದನ್ನೊಮ್ಮೆ ಯೋಚಿಸಬಹುದು.

ಇನ್ನು, ಬದುಕಿ ಮನೆಗೆ ಮರಳಿದವರ ವಿಷಯ. ಅವರ ಶುಶ್ರೂಷೆ ಯಾರ ಪಾಲಿಗೆ ಬರುತ್ತದೆಂಬುದನ್ನು ನಾನು ಹೇಳಬೇಕಾಗಿಲ್ಲ. ಮನೆಯ ಹೆಂಡತಿ, ಸೊಸೆ, ಮಗಳು. ‘ವ್ಯಾಯಾಮವನ್ನು ಮನೆಯವರೇ ಮಾಡಿಸಿದರಾಯಿತು’ ಎಂದು ಆಸ್ಪತ್ರೆಯವರು ಕಳುಹಿಸಿಕೊಡುತ್ತಾರೆ. ಇದು ನಿಜವಾಗಿ ಫಲಕಾರಿಯೇ ಎಂದು ಪರೀಕ್ಷಿಸಲು ಭಾರತದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳ ಮೇಲೆ ಒಂದು ಪ್ರಯೋಗ ನಡೆದು 2017ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಕುಟುಂಬಗಳಿಗೆ ಮನೆಯಲ್ಲಿ ವ್ಯಾಯಾಮ ಮಾಡಿಸುವ ವಿಶೇಷ ತರಬೇತಿ ಕೊಟ್ಟರು. ಆರು ತಿಂಗಳ ಬಳಿಕ ಮೃತರಾದವರು ಅಥವಾ ಪರಾವಲಂಬಿಗಳಾಗಿ ಉಳಿದವರು ಎರಡೂ ಗುಂಪುಗಳಲ್ಲಿ ಶೇಕಡಾ 47. ಹೆಂಗಸರ ದುಡಿಮೆಯನ್ನು ನುರಿತ ಭೌತಚಿಕಿತ್ಸಕರಿಗೆ ಬದಲಿಯೆಂದು ಲೆಕ್ಕ ಹಿಡಿಯುವ ನಮ್ಮ ಸೋಮಾರಿತನಕ್ಕೆ ಇದು ಉತ್ತರ. ಹಳ್ಳಿಗಳಿಗೆ ಭೌತಚಿಕಿತ್ಸಕರನ್ನು ಒದಗಿಸುವುದು ಪಂಚಾಯತುಗಳ ಕರ್ತವ್ಯವೆಂದು ನಾವು ಒತ್ತಾಯಿಸಬೇಕು.

ಆದುದರಿಂದ ನನ್ನ ದೃಷ್ಟಿಯೆಲ್ಲ ಕಾಯಿಲೆ ಬಾರದಂತೆ ನೋಡಿಕೊಳ್ಳುವುದರ ಕಡೆಗೆ. ಅದಕ್ಕೆ ಗಡಿ ದಾಟಬೇಕಾಗಿಲ್ಲ. ಹಾಗೆಂದು ವರ್ಷಕ್ಕೊಮ್ಮೆ ಪೆಂಡಾಲು ಹಾಕಿ, ಭಾಷಣ ಮಾಡಿ, ಕರಪತ್ರ ಹಂಚಿದರೆ ಸಾಕೆಂದು ನಾನು ಹೇಳುವುದಿಲ್ಲ. ಒಮ್ಮೆ ಪಾರ್ಶ್ವವಾಯು ಬಂದವರಿಗೆ ಮೊಬೈಲು ಸಂದೇಶ, ಚಿತ್ರ, ಪುಸ್ತಿಕೆಗಳನ್ನು 12 ಭಾಷೆಗಳಲ್ಲಿ ಕೊಟ್ಟು, 31 ಕೇಂದ್ರಗಳ 4298 ರೋಗಿಗಳಲ್ಲಿ ನಡೆಸಿದ ಭಾರತದ ದೊಡ್ಡ ಪ್ರಯೋಗವೊಂದು 2023ರಲ್ಲಿ ಪ್ರಕಟವಾಗಿದೆ. ಮಾತ್ರೆ ತಪ್ಪದೆ ತೆಗೆದುಕೊಳ್ಳುವ ಅಭ್ಯಾಸವೇನೋ ಸುಧಾರಿಸಿತು, ಆದರೆ ಒಂದು ವರ್ಷದಲ್ಲಿ ಮರುಆಘಾತಗಳು ಕಡಿಮೆಯಾಗಲಿಲ್ಲ. ಬರಿಯ ಉಪದೇಶಕ್ಕೆ ಮಿತಿಯಿದೆ. ಇದಕ್ಕೆ ಪ್ರತಿಯಾಗಿ, ಚೀನಾದ 326 ಹಳ್ಳಿಗಳಲ್ಲಿ ಸುಮಾರು 34,000 ಮಂದಿಯಲ್ಲಿ ಮಾಡಿದ ಪ್ರಯೋಗವನ್ನು ನೋಡಿ. ಪದವೀಧರ ವೈದ್ಯರಲ್ಲದ ಹಳ್ಳಿಯ ಆರೋಗ್ಯ ಕಾರ್ಯಕರ್ತರೇ ತಿಂಗಳು ತಿಂಗಳು ಒತ್ತಡ ಅಳೆದು, ಮೇಲಿನ ವೈದ್ಯರ ಮಾರ್ಗದರ್ಶನದಲ್ಲಿ ಮಾತ್ರೆಯನ್ನು ಹೊಂದಿಸುತ್ತ ಹೋದರು. ಮೂರು ವರ್ಷಗಳಲ್ಲಿ ಪಾರ್ಶ್ವವಾಯು ಸುಮಾರು ಮೂರರಲ್ಲೊಂದಂಶ ಕಡಿಮೆಯಾಯಿತು. ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾಗಳ ಹಳ್ಳಿಗಳಲ್ಲಿ ಇಂಥದೇ ಮನೆಭೇಟಿಯಿಂದ ಒತ್ತಡ ಗಣನೀಯವಾಗಿ ಇಳಿದುದು 2020ರಲ್ಲಿ ವರದಿಯಾಗಿದೆ. ಪರಿಚಯದವರೊಬ್ಬರು ಬಂದು ಅಳೆಯುವುದು, ಬರೆದಿಡುವುದು, ಮುಂದಿನ ತಿಂಗಳು ಮತ್ತೆ ಬರುವುದು: ಫಲ ಕೊಟ್ಟದ್ದು ಇದು.

ಉಪ್ಪಿನ ವಿಷಯವಾಗಿ ಒಂದು ಮಾತು. ಮಿಡಿ ಉಪ್ಪಿನಕಾಯಿ, ಹಪ್ಪಳ, ಉಪ್ಪುನೀರಿನಲ್ಲಿಟ್ಟ ಹಲಸಿನ ಸೊಳೆ, ಒಣಮೀನು ಇವಿಲ್ಲದ ಗಂಜಿಯೂಟ ನಮ್ಮಲ್ಲಿಲ್ಲ. ಇವನ್ನೆಲ್ಲ ಬಿಡಿ ಎಂದು ನಾನು ಹೇಳಿದರೆ ಕೇಳುವವರೂ ಇಲ್ಲ. ಆದರೆ ಉಪ್ಪಿನಲ್ಲಿ ಕಾಲು ಭಾಗದಷ್ಟು ಪೊಟ್ಯಾಸಿಯಮ್ ಲವಣ ಬೆರೆಸಿ ಬಳಸಿದ ಚೀನಾದ ಹಳ್ಳಿಗಳಲ್ಲಿ ಪಾರ್ಶ್ವವಾಯು ಶೇಕಡಾ 14ರಷ್ಟು ಇಳಿಯಿತೆಂದು 2021ರ ಅಧ್ಯಯನ ಹೇಳುತ್ತದೆ. ಮೂತ್ರಪಿಂಡದ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು. ಎಲೆಯಡಿಕೆಯ ಜತೆಗಿನ ಹೊಗೆಸೊಪ್ಪಿನ ವಿಷಯದಲ್ಲಿ ಮಾತ್ರ ನನ್ನಲ್ಲಿ ರಾಜಿಯಿಲ್ಲ.

ಶಾಲೆಗೂ ಇದಕ್ಕೂ ಏನು ಸಂಬಂಧ, ಇದು ಆರೋಗ್ಯ ಇಲಾಖೆಯ ಕೆಲಸವಲ್ಲವೇ ಎಂದು ಕೇಳುವವರಿರಬಹುದು. ಇಲಾಖೆ ತನ್ನ ಕೆಲಸ ಮಾಡುತ್ತಿದೆ. ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ಒತ್ತಡದ ಮಾತ್ರೆ ಉಚಿತವಾಗಿಯೇ ದೊರೆಯುತ್ತದೆ. ಆದರೆ ನಮ್ಮ ಹಳೆವಿದ್ಯಾರ್ಥಿಗಳ ಮನೆಗಳನ್ನು ನೋಡಿ. ಮಕ್ಕಳು ಬೆಂಗಳೂರಿನಲ್ಲಿ, ಗಲ್ಫಿನಲ್ಲಿ; ತೋಟದ ನಡುವಿನ ದೊಡ್ಡ ಮನೆಯಲ್ಲಿ ಎಪ್ಪತ್ತು ದಾಟಿದ ತಂದೆತಾಯಿ ಇಬ್ಬರೇ. ಮಾತ್ರೆಯ ಚೀಟಿ ಮಲಯಾಳದಲ್ಲಿ ಅಥವಾ ಇಂಗ್ಲಿಷಿನಲ್ಲಿ. ‘ಒತ್ತಡ ಸರಿಯಾಯಿತಲ್ಲ ಡಾಕ್ಟ್ರೇ, ಹಾಗಾಗಿ ಮಾತ್ರೆ ನಿಲ್ಲಿಸಿದೆ’ ಎಂಬ ಮಾತನ್ನು ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಮಾತ್ರೆಯಿಂದಲೇ ಸರಿಯಾದದ್ದೆಂದು ಅವರಿಗೆ ಅರ್ಥವಾಗುವ ಮಾತಿನಲ್ಲಿ ವಿವರಿಸಿದವರಿಲ್ಲ. ಪರವೂರಿನ ಮಗ ರಾತ್ರಿ ಫೋನು ಮಾಡಿ ‘ಅಮ್ಮ, ಊಟ ಆಯಿತಾ?’ ಎಂದು ಕೇಳುವಾಗ, ‘ಈ ತಿಂಗಳು ಒತ್ತಡ ನೋಡಿಸಿದಿರಾ?’ ಎಂದೂ ಕೇಳಬೇಕು. ನೋಡುವವರೊಬ್ಬರು ಊರಿನಲ್ಲಿರಬೇಕು. ಆ ನಂಬಿಕೆಯುಳ್ಳ ಸಂಸ್ಥೆ ನಮ್ಮೂರಿನಲ್ಲಿ ಈ ಶಾಲೆಯೊಂದೇ.

ನನ್ನ ಸಲಹೆ ಇಷ್ಟೇ. ತಿಂಗಳ ಎರಡನೆಯ ಶನಿವಾರ ಶಾಲೆಯ ಒಂದು ಕೊಠಡಿಯನ್ನು ತೆರೆದಿಡಬೇಕು. ತೋಳಿಗೆ ಕಟ್ಟುವ ಯಂತ್ರಕ್ಕೆ ಎರಡು ಮೂರು ಸಾವಿರ ರೂಪಾಯಿಗಿಂತ ಹೆಚ್ಚಾಗದು. ಅಂಥ ಹತ್ತು ಯಂತ್ರಗಳು ಸಾಕು. ತರಬೇತಿ ಪಡೆದ ಹಳೆವಿದ್ಯಾರ್ಥಿಗಳು ಅಳೆಯಲಿ. ಬಂದವರು ಐದು ನಿಮಿಷ ಸುಮ್ಮನೆ ಕುಳಿತ ಮೇಲೆ, ಎರಡು ಸಲ. ಮೇಲಿನ ತರಗತಿಯ ಮಕ್ಕಳು ಅದನ್ನು ದೊಡ್ಡ ಅಕ್ಷರದ ಕನ್ನಡ ಕಾರ್ಡಿನಲ್ಲಿ ಬರೆದುಕೊಡಲಿ. 140/90 ದಾಟಿದವರನ್ನು ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕು, ಮರುತಿಂಗಳು ಬಾರದವರ ಮನೆಗೆ ಹೋಗಬೇಕು. ಔಷಧ ಬದಲಿಸುವ ಕೆಲಸಕ್ಕೆ ನಾವು ಕೈಹಾಕಬಾರದು, ಅದು ವೈದ್ಯರದು. ಮೊದಲ ವರ್ಷದ ಹನ್ನೆರಡು ಶನಿವಾರಗಳಲ್ಲಿಯೂ ನಾನು ಅಲ್ಲಿರುತ್ತೇನೆ. ಮಹಾದ್ವಾರಕ್ಕಾಗಿ ತೆಗೆದಿರಿಸಿದ ಹಣದಲ್ಲಿ ಇದಕ್ಕೆ ಬೇಕಾಗುವುದು ಸಣ್ಣ ಪಾಲು ಮಾತ್ರ. ಸಮಾರೋಪದ ದಿನ ಸೇರುವ ಹಳೆವಿದ್ಯಾರ್ಥಿ ಸಂಘದ ಮಹಾಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಎತ್ತಿಕೊಳ್ಳಬೇಕೆಂದು ಕಾರ್ಯದರ್ಶಿಯವರಿಗೆ ಲಿಖಿತವಾಗಿಯೂ ಕೇಳಿಕೊಂಡಿದ್ದೇನೆ.